ಒಲ್ಲೆ ಎನ್ನಬಲ್ಲ ಪಾತ್ರಗಳು

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಯಕ್ಷಗಾನ ನೋಡುವವರಲ್ಲಿ ಮುಗಿಯದ ಚರ್ಚೆಯೊಂದಿದೆ: ಪ್ರಸಂಗದಲ್ಲಿ ಶೃಂಗಾರಕ್ಕೆ ಎಷ್ಟು ಜಾಗ ಇರಬೇಕು? ಯುದ್ಧದ ಅಬ್ಬರಕ್ಕೆ ಕಾದು ಕೂತವರಿಗೆ ಅದು ಎಳೆದಂತೆ ಅನ್ನಿಸುತ್ತದೆ, ಅಭಿನಯ ನೋಡಲು ಬಂದವರಿಗೆ ಅದೇ ಆಟದ ತಿರುಳು. ಪ್ರಸಂಗದ ಪದ್ಯಗಳು ಮೊದಲೇ ಬರೆದಿಟ್ಟವು. ಆದರೆ ಯಾವ ಪದ್ಯ ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಭಾಗವತರಿಗೆ ಸೇರಿದ್ದು. ಅರ್ಥವನ್ನು ಎಷ್ಟು ಬೆಳೆಸಬೇಕು ಎಂಬುದು ವೇಷಧಾರಿಯ ಮನೋಧರ್ಮಕ್ಕೆ ಬಿಟ್ಟದ್ದು. ಬೆಳಗಿನ ತನಕ ನಡೆಯುತ್ತಿದ್ದ ಆಟಗಳು ಕಾಲಮಿತಿಗೆ ಒಗ್ಗಿಕೊಂಡ ಮೇಲೆ ಏನನ್ನು ಉಳಿಸಬೇಕು, ಏನನ್ನು ಕೈಬಿಡಬೇಕು ಎಂಬ ಪ್ರಶ್ನೆ ಇನ್ನಷ್ಟು ಮುಖ್ಯವಾಗಿದೆ. ಇದೇ ಪ್ರಶ್ನೆಯನ್ನು ಇಂದು ಜಗತ್ತಿನ ಬೇರೆ ಬೇರೆ ಕಡೆಯ ವಿಡಿಯೊ ಗೇಮ್ ಅಭಿಮಾನಿಗಳೂ ಅಷ್ಟೇ ಕಾವಿನಿಂದ ಕೇಳುತ್ತಿದ್ದಾರೆ. ಅವರ ವಾದವಿವಾದ ನಮ್ಮ ರಂಗಸ್ಥಳದ ಪ್ರೇಕ್ಷಕರಿಗೆ ಚೆನ್ನಾಗಿ ಅರ್ಥವಾಗುವಂಥದ್ದು.

ಅವರು ಮಾತಾಡುತ್ತಿರುವುದು ರೋಲ್ ಪ್ಲೇಯಿಂಗ್ ಗೇಮ್‌ಗಳ ಬಗ್ಗೆ. ಇಲ್ಲಿ ಆಡುವವರು ಒಂದು ಪಾತ್ರ ತೊಟ್ಟು ಕಥೆಯೊಳಕ್ಕೆ ಇಳಿಯುತ್ತಾರೆ. ಯಾರ ಪಕ್ಷ ಹಿಡಿಯಬೇಕು, ಯಾರಿಗೆ ಏನು ಉತ್ತರ ಕೊಡಬೇಕು ಎಂದು ಹೆಜ್ಜೆಹೆಜ್ಜೆಗೂ ತಾವೇ ನಿರ್ಧರಿಸುತ್ತಾರೆ. ಜೊತೆಗೆ ಕಂಪ್ಯೂಟರ್ ನಡೆಸುವ ಸಂಗಾತಿ ಪಾತ್ರಗಳಿರುತ್ತವೆ. ಅವರಲ್ಲಿ ಒಬ್ಬರನ್ನು ಪ್ರೀತಿಸುವ ಅವಕಾಶ ಇಂಥ ಅನೇಕ ಗೇಮ್‌ಗಳಲ್ಲಿದೆ. ಆ ದಾರಿ ಹಿಡಿಯದಿದ್ದರೂ ಕಥೆ ಮುಗಿಯುತ್ತದೆ, ಆದ್ದರಿಂದ ಅದು ಐಚ್ಛಿಕ. ಪ್ರೇಮವನ್ನೇ ಮುಖ್ಯ ವಿಷಯ ಮಾಡಿಕೊಂಡ ‘ಟೋಕಿಮೆಕಿ ಮೆಮೋರಿಯಲ್’ 1994ರಲ್ಲಿ ಜಪಾನಿನಲ್ಲಿ ಬಂದಿತ್ತು. ಸಾಹಸದ ಕಥೆಯ ಒಳಗೆ ಪ್ರೇಮವನ್ನು ಹೆಣೆದು ಹೆಸರು ಮಾಡಿದ್ದು ಕೆನಡಾದ ಬಯೋವೇರ್ ಕಂಪನಿ: 2000ದಲ್ಲಿ ‘ಬಾಲ್ಡರ್ಸ್ ಗೇಟ್ 2’, 2007ರಲ್ಲಿ ‘ಮಾಸ್ ಎಫೆಕ್ಟ್’, 2009ರಲ್ಲಿ ‘ಡ್ರ್ಯಾಗನ್ ಏಜ್: ಒರಿಜಿನ್ಸ್’. 2023ರಲ್ಲಿ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ತಂದ ‘ಬಾಲ್ಡರ್ಸ್ ಗೇಟ್ 3’ ಈ ಚರ್ಚೆಯನ್ನು ಗೇಮ್ ಆಡದವರ ಕಿವಿಗೂ ಮುಟ್ಟಿಸಿತು.

ಅಭಿಮಾನಿಗಳ ಅಭಿಪ್ರಾಯಗಳು ಮೇಲ್ನೋಟಕ್ಕೆ ಎರಡು ಪಾಲಾಗುತ್ತವೆ. ಪ್ರೇಮವಿಲ್ಲದಿದ್ದರೆ ಸಂಗಾತಿಗಳು ಆಯುಧ ಹಿಡಿದ ಗೊಂಬೆಗಳಾಗಿ ಉಳಿಯುತ್ತಾರೆ ಎನ್ನುವವರು ಒಂದು ಕಡೆ; ಲೋಕವೇ ಮುಳುಗುತ್ತಿರುವಾಗ ಸರಸವೇಕೆ, ಆ ಶ್ರಮವನ್ನು ಕಥೆಗೆ ಹಾಕಬಹುದಿತ್ತು ಎನ್ನುವವರು ಇನ್ನೊಂದು ಕಡೆ. ಬೇಕೇ ಬೇಡವೇ ಎಂದು ಕೇಳುತ್ತ ಹೋದರೆ ಇದು ಬಗೆಹರಿಯುವುದಿಲ್ಲ, ಏಕೆಂದರೆ ಅದು ರುಚಿಯ ಮಾತು. ಅಭಿಮಾನಿಗಳು ನಿಜವಾಗಿ ಸಿಟ್ಟಾದ, ನಿಜವಾಗಿ ಮೆಚ್ಚಿದ ಸಂದರ್ಭಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೊಂದು ಪ್ರಶ್ನೆ ಎದ್ದು ಕಾಣುತ್ತದೆ: ಈ ಪ್ರೇಮದಲ್ಲಿ ಒಲ್ಲೆ ಎನ್ನುವ ಹಕ್ಕು ಯಾರಿಗಿದೆ? ಆಡುವವರಿಗೂ ಆ ಹಕ್ಕು ಬೇಕು, ಎದುರಿನ ಪಾತ್ರಕ್ಕೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಪ್ರೇಮ ಹುಸಿಯಾಗುತ್ತದೆ ಎಂಬುದು ಈ ಲೇಖನದ ವಾದ.

ಆಡುವವರ ಹಕ್ಕನ್ನು ಕಿತ್ತುಕೊಂಡಾಗ ಏನಾಗುತ್ತದೆ ಎನ್ನುವುದಕ್ಕೆ ಯೂಬಿಸಾಫ್ಟ್ ಕಂಪನಿಯ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಸಾಕ್ಷಿ. ಪ್ರಾಚೀನ ಗ್ರೀಸಿನಲ್ಲಿ ನಡೆಯುವ ಈ ಗೇಮ್ 2018ರಲ್ಲಿ ಬಂತು. ನಾಯಕ ಅಲೆಕ್ಸಿಯೋಸ್ ಆಗಿಯೋ ನಾಯಕಿ ಕಸಾಂಡ್ರಾ ಆಗಿಯೋ ಆಡಬಹುದಿತ್ತು. ಗಂಡನ್ನಾಗಲಿ ಹೆಣ್ಣನ್ನಾಗಲಿ ಪ್ರೀತಿಸಬಹುದಿತ್ತು, ಯಾರನ್ನೂ ಪ್ರೀತಿಸದೆ ಇರಬಹುದಿತ್ತು. ಹತ್ತಾರು ಗಂಟೆ ಹೀಗೆ ತಮ್ಮ ಇಚ್ಛೆಯಂತೆ ಪಾತ್ರವನ್ನು ಕಟ್ಟಿಕೊಂಡವರಿಗೆ 2019ರ ಜನವರಿಯಲ್ಲಿ ಬಂದ ಹೆಚ್ಚುವರಿ ಅಧ್ಯಾಯ ಆಘಾತ ಕೊಟ್ಟಿತು. ಅದರಲ್ಲಿ ಆಡುವವರು ಏನೇ ಆಯ್ದಿದ್ದರೂ ಪಾತ್ರ ಒಂದು ಗಂಡು–ಹೆಣ್ಣಿನ ಸಂಸಾರಕ್ಕೆ ಇಳಿದು ಮಗುವನ್ನು ಪಡೆಯುತ್ತಿತ್ತು. ವಂಶ ಮುಂದುವರಿಯಬೇಕು ಎಂಬುದು ಕಥೆಗಾರರ ಅಗತ್ಯವಾಗಿತ್ತು. ಆಕ್ರೋಶ ಎಷ್ಟಿತ್ತೆಂದರೆ ಸೃಜನ ನಿರ್ದೇಶಕರು ಕ್ಷಮೆ ಕೇಳಿದರು, ಕಂಪನಿ ಆಮೇಲೆ ದೃಶ್ಯವನ್ನು ಒಂದಿಷ್ಟು ತಿದ್ದಿತು. ಮಗು ಮಾತ್ರ ಕಥೆಯಲ್ಲಿ ಉಳಿಯಿತು. ಪ್ರೇಮವನ್ನು ದ್ವೇಷಿಸುವವರ ಸಿಟ್ಟು ಇದಾಗಿರಲಿಲ್ಲ. ನಿಮ್ಮ ಪಾತ್ರ ನಿಮ್ಮದು ಎಂದು ನಂಬಿಸಿ, ಅದರ ಬದುಕಿನ ಅತಿ ಖಾಸಗಿ ನಿರ್ಧಾರವನ್ನು ಬೇರೆಯವರು ತೆಗೆದುಕೊಂಡದ್ದಕ್ಕೆ ಬಂದ ಸಿಟ್ಟು.

ಎದುರಿನ ಪಾತ್ರದ ಹಕ್ಕು ಇದಕ್ಕಿಂತ ಸೂಕ್ಷ್ಮ. ಬಹುಪಾಲು ಗೇಮ್‌ಗಳಲ್ಲಿ ಪ್ರೇಮ ಒಂದು ಲೆಕ್ಕದ ಮೇಲೆ ನಡೆಯುತ್ತದೆ. ಸಂಗಾತಿಗೆ ಹಿಡಿಸುವ ಮಾತಾಡಿದರೆ ಅಂಕ ಏರುತ್ತದೆ, ಹಿಡಿಸದ್ದು ಮಾಡಿದರೆ ಇಳಿಯುತ್ತದೆ. ಎರಿಕ್ ಬರೋನ್ ಒಬ್ಬರೇ ಕೂತು ತಯಾರಿಸಿ 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಗೇಮ್‌ನಲ್ಲಿ ಊರಿನವರಿಗೆ ವಾರಕ್ಕೆ ಎರಡು ಉಡುಗೊರೆ ಕೊಡಬಹುದು. ಸ್ನೇಹ 8 ಹೃದಯಕ್ಕೆ ಏರಿದರೆ ಹೂಗುಚ್ಛ, 10ಕ್ಕೆ ಏರಿದರೆ ಮದುವೆಯ ಪದಕ. ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲೂ ಕಾಣಿಕೆ ಕೊಟ್ಟು ಕೊಟ್ಟು ಸಂಗಾತಿಯ ಮೆಚ್ಚುಗೆ ಗಳಿಸಬಹುದು, ಜಗಳವಾಡಿದ ಮೇಲೂ ಕಾಣಿಕೆ ಆ ಕಹಿಯನ್ನು ತೊಳೆಯುತ್ತದೆ. ‘ಬಾಲ್ಡರ್ಸ್ ಗೇಟ್ 3’ ಬಂದ ಹೊಸದರಲ್ಲಿ ತದ್ವಿರುದ್ಧ ದೂರು ಕೇಳಿಬಂತು: ಎರಡು ಒಳ್ಳೆಯ ಮಾತಾಡಿದರೆ ಸಾಕು, ಸಂಗಾತಿಗಳು ಪ್ರೇಮಕ್ಕೆ ಮುಂದಾಗುತ್ತಾರೆ, ಬರೀ ಸ್ನೇಹಿತರಾಗಿ ಇರಲು ಬಿಡುವುದಿಲ್ಲ ಎಂದು. ಮೆಚ್ಚುಗೆಯ ಮಿತಿ ತಪ್ಪಾಗಿ ಕೆಳಗಿತ್ತೆಂದು ತಯಾರಕರೇ ಒಪ್ಪಿ ಸರಿಪಡಿಸಿದರು. ಕಾಣಿಕೆಗೆ ಒಲಿಯುವುದೂ ಕೇಳದೆ ಮೈಮೇಲೆ ಬೀಳುವುದೂ ಒಂದೇ ಕೊರತೆಯಿಂದ ಹುಟ್ಟಿದವು. ಆ ಪಾತ್ರಕ್ಕೆ ತನ್ನದೇ ಮನಸ್ಸಿಲ್ಲ. ಇರುವುದು ಒಂದು ಸಂಖ್ಯೆ ಮಾತ್ರ.

ಮನಸ್ಸಿಲ್ಲದ ಕಡೆ ಪ್ರೇಮವನ್ನು ಹೇರುವುದು ಎಂಥದ್ದೆಂದು ಬಡಗುತಿಟ್ಟಿನ ರಂಗಸ್ಥಳ ಬಲ್ಲದು. ಹೊನ್ನಾವರ ತಾಲ್ಲೂಕಿನವರಾದ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಹೆಸರು ತಂದ ವೇಷಗಳಲ್ಲಿ ಕೀಚಕ, ಭಸ್ಮಾಸುರ ಮುಖ್ಯವಾದವು. ಎರಡೂ ಶೃಂಗಾರದ ವೇಷಗಳೇ, ಎರಡರಲ್ಲೂ ಆ ಶೃಂಗಾರ ಒಮ್ಮುಖವಾದದ್ದು. ಕೀಚಕನ ವಿರಹ, ಅವನ ಅಲಂಕಾರ, ಅವನ ಕಾತರವನ್ನು ಪ್ರೇಕ್ಷಕ ಕಣ್ಣರಳಿಸಿ ನೋಡುತ್ತಾನೆ. ಸೈರಂಧ್ರಿ ಒಲ್ಲೆ ಎಂದದ್ದನ್ನು ಮಾತ್ರ ಒಂದು ಗಳಿಗೆಯೂ ಮರೆಯುವುದಿಲ್ಲ. ಆ ನಿರಾಕರಣೆ ಇರುವುದರಿಂದಲೇ ದೃಶ್ಯಕ್ಕೆ ಬಿಗಿ ಬರುತ್ತದೆ, ಭೀಮ ಬರುವುದು ನ್ಯಾಯವೆನಿಸುತ್ತದೆ. ‘ಭೀಷ್ಮ ವಿಜಯ’ವನ್ನು ನೋಡಿ. ಭೀಷ್ಮ ಕನ್ಯೆಯರ ಮನಸ್ಸು ಕೇಳದೆ ಗೆದ್ದು ತರುತ್ತಾನೆ. ಅವರಲ್ಲೊಬ್ಬಳಾದ ಅಂಬೆಯನ್ನು ಅವಳು ಮೆಚ್ಚಿದ್ದ ಸಾಲ್ವ ಒಲ್ಲೆ ಎನ್ನುತ್ತಾನೆ. ಕೊನೆಗೆ ಭೀಷ್ಮನೂ ಒಲ್ಲೆ ಎನ್ನುತ್ತಾನೆ. ಪ್ರಸಂಗದ ಶಕ್ತಿಯೆಲ್ಲ ಈ ನಿರಾಕರಣೆಗಳಲ್ಲೇ ಇದೆ. ಎಲ್ಲರೂ ಹೂಂ ಎಂದಿದ್ದರೆ ಅಲ್ಲಿ ಕಥೆಯೇ ಹುಟ್ಟುತ್ತಿರಲಿಲ್ಲ.

ಗೇಮ್‌ಗಳಲ್ಲೂ ಅಭಿಮಾನಿಗಳು ಹೆಚ್ಚು ಕಾಲ ನೆನಪಿಟ್ಟುಕೊಂಡದ್ದು ಇಂಥ ಪಾತ್ರಗಳನ್ನೇ. 2014ರ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ನಲ್ಲಿ ಕಸಾಂಡ್ರಾ ಎಂಬ ಯೋಧೆ ಗಂಡಸರನ್ನಷ್ಟೇ ಪ್ರೀತಿಸಬಲ್ಲಳು, ನಾಯಕಿಯಾಗಿ ಆಡುವವರು ಅವಳಲ್ಲಿ ಪ್ರೇಮದ ಮಾತೆತ್ತಿದರೆ ಮೃದುವಾಗಿ, ಗೌರವದಿಂದ ನಿರಾಕರಿಸುತ್ತಾಳೆ. 2015ರ ‘ದಿ ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ಒಂದೇ ಸಮಯದಲ್ಲಿ ಟ್ರಿಸ್ ಮತ್ತು ಯೆನಿಫರ್ ಇಬ್ಬರಿಗೂ ಪ್ರೀತಿಯ ಮಾತು ಕೊಟ್ಟರೆ, ಆ ಇಬ್ಬರೂ ಸೇರಿ ಅವನನ್ನು ಮಂಚಕ್ಕೆ ಕಟ್ಟಿಹಾಕಿ ಬಿಟ್ಟುಹೋಗುತ್ತಾರೆ. ಮೊದಲು ಎಷ್ಟೇ ಓಲೈಸಿರಿ, ಅಲ್ಲಿಗೆ ಆ ಪ್ರೇಮ ಮುಗಿಯಿತು. ಆ ಹೆಂಗಸರಿಗೆ ಸ್ವಾಭಿಮಾನವಿದೆ, ಪರಸ್ಪರ ಮಾತುಕತೆ ಇದೆ ಎಂದು ಆ ಒಂದು ದೃಶ್ಯ ಹೇಳುವಷ್ಟನ್ನು ನೂರು ಕಾಣಿಕೆಗಳು ಹೇಳಲಾರವು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಸಮಾನತೆಯ ಕಡೆಯಿಂದ. ಪಾತ್ರಗಳಿಗೆ ನಿರಾಕರಿಸುವ ಹಕ್ಕು ಕೊಟ್ಟರೆ ಕೆಲವು ಆಟಗಾರರಿಗೆ ಯಾರೂ ಉಳಿಯುವುದಿಲ್ಲ ಎಂಬ ಅಂಜಿಕೆ ಸುಳ್ಳಲ್ಲ. ‘ಬಾಲ್ಡರ್ಸ್ ಗೇಟ್ 2’ರಲ್ಲಿ ಗಂಡು ಪಾತ್ರಕ್ಕೆ ಮೂವರು ಪ್ರೇಯಸಿಯರ ಆಯ್ಕೆ ಇತ್ತು, ಹೆಣ್ಣು ಪಾತ್ರಕ್ಕೆ ಇದ್ದವನು ಅನೋಮೆನ್ ಒಬ್ಬನೇ, ಒಂದೇ ಲಿಂಗದವರ ಪ್ರೇಮಕ್ಕೆ ಜಾಗವೇ ಇರಲಿಲ್ಲ. ಅಸಮಾಧಾನಗೊಂಡ ಅಭಿಮಾನಿಗಳು ಹೊಸ ಪ್ರೇಮಕಥೆಗಳನ್ನು ತಾವೇ ಬರೆದು ಗೇಮ್‌ಗೆ ಜೋಡಿಸಿದರು. 2011ರ ‘ಡ್ರ್ಯಾಗನ್ ಏಜ್ 2’ ಮೂಲ ಗೇಮ್‌ನ ನಾಲ್ವರು ಪ್ರೇಮಪಾತ್ರರನ್ನೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ತೆರೆದಿಟ್ಟಿತು. ಬಾಗಿಲು ಮುಚ್ಚಿಸಿಕೊಂಡೇ ಬಂದವರಿಗೆ ಅದು ದೊಡ್ಡ ನೆಮ್ಮದಿ. ಅದನ್ನು ಹಗುರಾಗಿ ಕಾಣಬಾರದು. ಆದರೆ ಮುಂದಿನ ಭಾಗವಾದ ‘ಇನ್‌ಕ್ವಿಸಿಷನ್’ ಇನ್ನೊಂದು ದಾರಿ ತೋರಿಸಿತು. ಅಲ್ಲಿನ ಡೋರಿಯನ್ ಗಂಡಸರನ್ನು ಮಾತ್ರ ಪ್ರೀತಿಸುವವನು. ತಂದೆ ತನ್ನ ಸ್ವಭಾವವನ್ನೇ ಮಂತ್ರವಿದ್ಯೆಯಿಂದ ಬದಲಿಸಲು ಹೊರಟದ್ದು ಅವನ ಬದುಕಿನ ಗಾಯ. ಯಾರು ಕೇಳಿದರೂ ಒಲಿಯುವವನಾಗಿದ್ದರೆ ಆ ಗಾಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಆದ್ದರಿಂದ ಸಮಾನತೆಗೆ ಪಾತ್ರಗಳ ಮನಸ್ಸನ್ನು ಅಳಿಸಬೇಕಾಗಿಲ್ಲ. ಬಗೆಬಗೆಯ ಮನಸ್ಸಿನ ಪಾತ್ರಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಬರೆಯಬೇಕು. ಅದಕ್ಕೆ ಖರ್ಚು ಹೆಚ್ಚು, ಶ್ರಮ ಹೆಚ್ಚು. ಸಣ್ಣ ತಂಡಗಳು ಎಲ್ಲರಿಗೂ ತೆರೆದ ದಾರಿಯನ್ನು ಹಿಡಿದರೆ ಅದನ್ನು ತಪ್ಪೆನ್ನಲಾಗದು. ದೊಡ್ಡ ಕಂಪನಿಗಳಿಂದ ಮಾತ್ರ ಹೆಚ್ಚಿನದನ್ನು ನಿರೀಕ್ಷಿಸಬೇಕು.

ಎರಡನೆಯ ಆಕ್ಷೇಪ ಕಥೆಯ ಕಡೆಯಿಂದ: ಬಿಟ್ಟರೂ ನಡೆಯುವ ಪ್ರೇಮಕ್ಕೆ ತೂಕ ಎಲ್ಲಿಂದ ಬರಬೇಕು? ಜೈಮಿನಿ ಭಾರತದಿಂದ ಯಕ್ಷಗಾನಕ್ಕೆ ಬಂದ ಸುಧನ್ವನ ಕಥೆಯಲ್ಲಿ ಉತ್ತರವಿದೆ. ಯುದ್ಧಕ್ಕೆ ಹೊರಟ ಸುಧನ್ವನನ್ನು ಹೆಂಡತಿ ಪ್ರಭಾವತಿ ತಡೆಯುತ್ತಾಳೆ. ಅವಳ ಮಾತಿಗೆ ನಿಂತದ್ದಕ್ಕೆ ಅವನಿಗೆ ತಡವಾಗುತ್ತದೆ, ತಡವಾದದ್ದಕ್ಕೆ ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸಿಕೊಳ್ಳುತ್ತಾನೆ. ಸರಸದ ಆ ಹೊತ್ತು ಹಿಂದುಮುಂದಿಲ್ಲದ ಅಲಂಕಾರವಲ್ಲ, ಅದಕ್ಕೆ ಪರಿಣಾಮವಿದೆ. ಗೇಮ್‌ನಲ್ಲೂ ಪ್ರೇಮದ ದಾರಿ ಹಿಡಿಯುವುದು ಆಡುವವರ ಇಷ್ಟ. ಹಿಡಿದ ಮೇಲೆ ಅದು ಕಥೆಯನ್ನು ಮುಟ್ಟಬೇಕು. ‘ಒರಿಜಿನ್ಸ್’ನ ಸಂಗಾತಿ ಅಲಿಸ್ಟರ್ ಇದಕ್ಕೆ ಒಳ್ಳೆಯ ಮಾದರಿ. ಅವನನ್ನು ಪ್ರೀತಿಸಿದ ನಾಯಕಿ ಕುಲೀನ ಮಾನವ ಮನೆತನದವಳಲ್ಲದಿದ್ದರೆ, ಅವನು ರಾಜನಾದ ಮೇಲೆ ಸಾಮಾನ್ಯವಾಗಿ ಸಂಬಂಧ ಕಡಿದುಕೊಳ್ಳುತ್ತಾನೆ. ಅವನನ್ನು ಸಿಂಹಾಸನಕ್ಕೆ ಏರಿಸುವ ರಾಜಕೀಯ ನಿರ್ಧಾರವೇ ತನ್ನ ಪ್ರೀತಿಯ ಬೆಲೆಯಾಗುತ್ತದೆ ಎಂದು ಗೊತ್ತಾದಾಗ ಆಡುವವರ ಕೈ ನಡುಗುತ್ತದೆ. ಐಚ್ಛಿಕವಾದದ್ದೂ ಹೀಗೆ ಆಳವಾಗಬಲ್ಲದು.

ಒಲ್ಲೆ ಎನ್ನುವ ಹಕ್ಕನ್ನು ಒಪ್ಪಿದರೆ ಪ್ರೇಮ ಬೇಡವೆಂದವರಿಗೂ ಬರಿಗೈ ಆಗಬಾರದು. ಅನೇಕ ಗೇಮ್‌ಗಳಲ್ಲಿ ಸಂಗಾತಿಯ ಮನಸ್ಸಿನ ಒಳ್ಳೊಳ್ಳೆಯ ಮಾತುಗಳೆಲ್ಲ ಪ್ರೇಮಿಗೆ ಮಾತ್ರ ಮೀಸಲು. ಸ್ನೇಹವಷ್ಟೇ ಸಾಕೆಂದವರು ಅರ್ಧ ಪಾತ್ರವನ್ನೇ ಕಳೆದುಕೊಳ್ಳುತ್ತಾರೆ. ಬೇಡವೆಂದದ್ದಕ್ಕೆ ಅದು ದಂಡ ತೆತ್ತಂತೆ. 2019ರ ‘ದಿ ಔಟರ್ ವರ್ಲ್ಡ್ಸ್’ನಲ್ಲಿ ಆಡುವವರಿಗೆ ಪ್ರೇಮವೇ ಇಲ್ಲ. ಆದರೆ ಸಂಗಾತಿ ಪಾರ್ವತಿ ಎಂಬ ಸಂಕೋಚದ ಹುಡುಗಿಗೆ ಜುನ್‌ಲೇ ಎಂಬುವಳ ಮೇಲೆ ಮನಸ್ಸಾಗುತ್ತದೆ. ದೈಹಿಕ ಆಕರ್ಷಣೆ ತನ್ನಲ್ಲಿಲ್ಲವೆಂಬುದನ್ನು ಅವಳು ಅಂಜುತ್ತ ಹೇಳಿಕೊಳ್ಳುತ್ತಾಳೆ, ನಾವು ಸ್ನೇಹಿತರಾಗಿ ಧೈರ್ಯ ತುಂಬುತ್ತೇವೆ. ಆ ಗೇಮ್‌ನಲ್ಲಿ ಬಹಳ ಜನರ ಮೆಚ್ಚುಗೆ ಗಳಿಸಿದ ಕಥೆ ಅದು. ‘ಸ್ಟಾರ್‌ಡ್ಯೂ ವ್ಯಾಲಿ’ ಕೂಡ 2019ರ ಪರಿಷ್ಕರಣೆಯಲ್ಲಿ ಕ್ರೋಬಸ್ ಎಂಬ ಪಾತ್ರದೊಂದಿಗೆ ಮದುವೆಯಾಗದೆ, ಮನೆಯ ಜೊತೆಗಾರರಾಗಿ ಬಾಳುವ ದಾರಿಯನ್ನು ಸೇರಿಸಿತು. ಸ್ನೇಹಕ್ಕೂ ಒಂದು ಪೂರ್ಣ ಕಥೆ ಸಲ್ಲಬೇಕೆಂಬ ಬೇಡಿಕೆಯನ್ನು ಇವು ಗೌರವಿಸಿದವು.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ: ಇವೆಲ್ಲ ಯಂತ್ರದೊಳಗಿನ ಬೊಂಬೆಗಳು, ಅವಕ್ಕೆಂಥ ಹಕ್ಕು? ಬೊಂಬೆಗೆ ನೋವಾಗುವುದಿಲ್ಲ, ನಿಜ. ಆದರೆ ರಂಗದ ಮೇಲಿನ ಸೈರಂಧ್ರಿಯೂ ವೇಷವೇ. ಅವಳ ನಿರಾಕರಣೆಯನ್ನು ಪ್ರೇಕ್ಷಕ ಗೌರವಿಸುವುದು ಎದುರಿಗಿರುವುದು ಒಬ್ಬ ಹೆಣ್ಣುಮಗಳೆಂದು ಆ ವೇಷ ನಂಬಿಸಿದ್ದರಿಂದ. ಎದುರಿನವರಿಗೆ ಮನಸ್ಸಿದೆ ಎಂದು ನಂಬಿಸಲಾರದ ಗೇಮ್ ಪ್ರೇಮದ ಹೆಸರಿನಲ್ಲಿ ಕೊಡುವುದು ಒಂದು ಬಹುಮಾನವನ್ನಷ್ಟೇ. ಅಭಿಮಾನಿಗಳ ಮಾತಿಗೆ ಈ ಉದ್ಯಮದಲ್ಲಿ ಬೆಲೆಯಿದೆ: ಅವರು ಕೇಳಿದ್ದರಿಂದಲೇ 2010ರ ‘ಮಾಸ್ ಎಫೆಕ್ಟ್ 2’ರಲ್ಲಿ ಸಂಗಾತಿಗಳಾದ ಗ್ಯಾರಸ್, ತಾಲಿ ಪ್ರೇಮಕ್ಕೆ ಸಿಕ್ಕರು. ಇನ್ನು ಮುಂದೆ ಕೇಳಬೇಕಾದದ್ದು ಇನ್ನೂ ನಾಲ್ಕು ಪ್ರೇಯಸಿಯರನ್ನಲ್ಲ, ಇನ್ನೂ ಉದ್ದದ ಸರಸವನ್ನಲ್ಲ. ಕಾಣಿಕೆಗೆ ಬಗ್ಗದ, ತಾನೇ ಆರಿಸಿಕೊಳ್ಳುವ, ಬೇಕಾದರೆ ಬಿಟ್ಟುಹೋಗುವ ಪಾತ್ರಗಳನ್ನು ಕೇಳಬೇಕು. ಆಡುವವರು ಬೇಡವೆಂದರೆ ಅಷ್ಟೇ ಘನತೆಯಿಂದ ಸ್ನೇಹ ಉಳಿಸಿಕೊಳ್ಳುವ ಕಥೆಗಳನ್ನು ಕೇಳಬೇಕು. ಒಲ್ಲೆ ಎನ್ನಬಲ್ಲವರು ಹೂಂ ಎಂದಾಗ ಮಾತ್ರ ಆ ಹೂಂಗೆ ಬೆಲೆ.