ಕಬ್ಬಿನ ಹಂಗಾಮಿನ ಟೊಂಕನೋವು: ಸ್ನಾಯುಪೊರೆ ಒತ್ತುವ ಚಿಕಿತ್ಸೆಯಿಂದ ಪ್ರಯೋಜನವೆಷ್ಟು?

ಎತ್ತಿನ ಹೆಗಲು ಬಾತರೆ ರೈತರು ಅರಿಷಿಣ, ಎಣ್ಣೆ ಹಚ್ಚಿ ನಾಲ್ಕು ದಿನ ನೊಗ ಇಳಿಸುತ್ತಾರೆ. ತಮ್ಮ ಟೊಂಕ ಹಿಡಿದಾಗ ಮಾತ್ರ ಅಂಗಡಿಯ ಗುಳಿಗೆ ನುಂಗಿ ಮರುದಿನವೇ ಹೊಲಕ್ಕೆ ಇಳಿಯುತ್ತಾರೆ.

ತುಕ್ಕಾನಟ್ಟಿಯ ಸುತ್ತಲಿನ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ನೀರಾವರಿ ಪ್ರದೇಶದಲ್ಲಿ ಕಬ್ಬು ಮುಖ್ಯ ಬೆಳೆ. ಕಬ್ಬನ್ನು ನೆಲಮಟ್ಟಕ್ಕೆ ಕಡಿದರೆ ಇಳುವರಿ ಹೆಚ್ಚುತ್ತದೆ, ಕುಳೆಯೂ ಚೆನ್ನಾಗಿ ಒಡೆಯುತ್ತದೆ. ಆದರೆ ಹಾಗೆ ಕಡಿಯಲು ಟೊಂಕ ಪೂರ್ತಿ ಬಾಗಬೇಕು. ಕಡಿಯುವವರು, ಹೊರೆ ಹೊತ್ತು ಟ್ರೇಲರ್ ಏರುವವರು, ಕಳೆ ತೆಗೆಯುವ ಹೆಣ್ಣುಮಕ್ಕಳು ಎಲ್ಲರೂ ಇದರ ಬೆಲೆ ತೆರುತ್ತಾರೆ. ಈ ನೋವಿಗೆ ಭೌತಚಿಕಿತ್ಸಕರು ಬಳಸುವ ‘ಮಯೋಫ್ಯಾಶಿಯಲ್ ರಿಲೀಸ್’ ಎಂಬ ವಿಧಾನವನ್ನು ಇಲ್ಲಿ ತಿಳಿದುಕೊಳ್ಳೋಣ.

ಸ್ನಾಯುಪೊರೆ ಎಂದರೇನು?

ಮೋಸಂಬಿ ಬಿಡಿಸಿದಾಗ ಪ್ರತಿ ತೊಳೆಯ ಸುತ್ತ ತೆಳುವಾದ ಬಿಳಿ ಪೊರೆ ಇರುವುದನ್ನು ನೀವು ಕಂಡಿದ್ದೀರಿ. ನಮ್ಮ ಸ್ನಾಯುಗಳಿಗೂ ಇಂಥದೇ ಹೊದಿಕೆಯುಂಟು. ಈ ಪೊರೆ ಪದರ ಪದರವಾಗಿದ್ದು, ನಡುವಿನ ಜಾರುದ್ರವದಿಂದಾಗಿ ಪದರಗಳು ಒಂದರ ಮೇಲೊಂದು ಸರಿದಾಡುತ್ತವೆ.

ಒಂದೇ ಆಳಕ್ಕೆ ವರ್ಷಗಟ್ಟಲೆ ನೇಗಿಲು ಹೊಡೆದ ಹೊಲದಲ್ಲಿ ಕೆಳಗೆ ಗಟ್ಟಿಪದರ ಕಟ್ಟುತ್ತದಲ್ಲವೇ? ಒಂದೇ ಭಂಗಿಯಲ್ಲಿ ದುಡಿದ ಬೆನ್ನು ಬಿಗಿಯುವುದನ್ನು ಇದಕ್ಕೆ ಹೋಲಿಸಬಹುದು. 2011ರಲ್ಲಿ ಅಮೆರಿಕದ ಸಂಶೋಧಕರು ಅಲ್ಟ್ರಾಸೌಂಡ್ ಯಂತ್ರದಿಂದ ಪರೀಕ್ಷಿಸಿದಾಗ, ಬಹುಕಾಲದ ಟೊಂಕನೋವಿದ್ದವರಲ್ಲಿ ಈ ಪದರಗಳ ಸರಿದಾಟ ಇತರರಿಗಿಂತ ಸುಮಾರು ಶೇ. 20ರಷ್ಟು ಕಡಿಮೆ ಇದ್ದುದು ಕಂಡುಬಂದಿತು. ಬಿಗಿದ ಸ್ನಾಯುವಿನಲ್ಲಿ ಕೈಗೆ ಸಿಗುವ ನೋವಿನ ಗಂಟುಗಳನ್ನು ಅಮೆರಿಕದ ವೈದ್ಯರಾದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ 1983ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಗಂಟು ಒಂದೆಡೆ ಇದ್ದರೂ ನೋವು ಇನ್ನೊಂದೆಡೆ ಕಾಣಿಸಿಕೊಳ್ಳುವುದುಂಟು.

ಮಾಡುವ ಕ್ರಮ

ನಮ್ಮ ಗರಡಿಮನೆಗಳ ಮಾಲೀಸು ಎಲ್ಲರಿಗೂ ಗೊತ್ತು. ಅಲ್ಲಿ ಎಣ್ಣೆ ಹಾಕಿ ಜೋರಾಗಿ ತಿಕ್ಕುತ್ತಾರೆ. ಇಲ್ಲಿ ಕೈ ಜಾರಬಾರದೆಂದು ಎಣ್ಣೆಯನ್ನು ಬಳಸುವುದೇ ಇಲ್ಲ, ಇಲ್ಲವೆ ತೀರ ಕಡಿಮೆ ಬಳಸುತ್ತಾರೆ. ತಿಕ್ಕದೆ, ನಿಧಾನವಾಗಿ ಒತ್ತಿ ಹಿಡಿಯುತ್ತಾರೆ. ನುರಿತವರಿಂದ ಕಲಿಯುವುದು ಉತ್ತಮ. ಸಾಮಾನ್ಯ ಬಿಗಿತಕ್ಕೆ ಮನೆಯಲ್ಲಿ ಹೀಗೆ ಮಾಡಬಹುದು:

1. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ನಿಮಿಷ ಕಾವು ಕೊಡಿರಿ. ಚರ್ಮ ಸುಡದಂತೆ ನೋಡಿಕೊಳ್ಳಿರಿ.
2. ಅಂಗೈಯನ್ನು ಬೆನ್ನೆಲುಬಿನ ಪಕ್ಕದ ಸ್ನಾಯುವಿನ ಮೇಲಿಟ್ಟು ಹಗುರವಾಗಿ ಒತ್ತಿರಿ. ಎಲುಬಿನ ಮೇಲೆ ಒತ್ತಬಾರದು.
3. ಬಿಗಿ ತಗಲಿದಲ್ಲಿ ಒಂದೂವರೆಯಿಂದ ಮೂರು ನಿಮಿಷ ಹಾಗೆಯೇ ಹಿಡಿಯಿರಿ. ಸಡಿಲವಾದಂತೆ ಕೈಯನ್ನು ಮೆಲ್ಲಗೆ ಮುಂದೆ ಸರಿಸಿರಿ.
4. ಹಿತವಾದ ನೋವು ಸಾಕು. ಉಸಿರು ಬಿಗಿಹಿಡಿಯುವಷ್ಟು ನೋಯಬಾರದು.
5. ಸಹಾಯಕರಿಲ್ಲದಿದ್ದರೆ ಬಟ್ಟೆಯ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿ ನಿಲ್ಲಿರಿ.

ಬೆನ್ನ ಮೇಲೆ ಮಕ್ಕಳನ್ನು ನಿಲ್ಲಿಸಿ ತುಳಿಸಿಕೊಳ್ಳುವ ರೂಢಿಯನ್ನು, ಅದರಲ್ಲೂ ವಯಸ್ಸಾದವರು, ಬಿಡಬೇಕು. ಸವೆದ ಎಲುಬು ಮುರಿಯುವ ಸಂಭವವಿದೆ.

ಫಲವೆಷ್ಟು?

ಬಹುಕಾಲದ ಟೊಂಕನೋವಿನಲ್ಲಿ ಈ ಚಿಕಿತ್ಸೆ ನೋವನ್ನು ತಕ್ಕಮಟ್ಟಿಗೆ ಇಳಿಸುತ್ತದೆಂದು ಹಲವು ಪ್ರಯೋಗಗಳು ತೋರಿಸಿವೆ. ಆದರೆ ಪ್ರಯೋಗಗಳು ಚಿಕ್ಕವು. ಶಮನವೂ ಬಹುಪಾಲು ಕೆಲವು ದಿನ, ವಾರಗಳದ್ದು. ತೊಡೆ ಮತ್ತು ಅಂಗಾಲಿನ ಗಟ್ಟಿ ಪೊರೆಯನ್ನು ಹಿಗ್ಗಿಸಲು ಕೈಬಲ ಸಾಲದೆಂದು 2008ರ ಒಂದು ಲೆಕ್ಕಾಚಾರ ತೋರಿಸಿತು. ಆದ್ದರಿಂದ ನರಗಳು ಶಾಂತವಾಗಿ ಸ್ನಾಯು ಸಡಿಲಗೊಳ್ಳುವುದೇ ಮುಖ್ಯ ಕಾರಣವಿರಬೇಕೆಂದು ಅನೇಕರ ಅಭಿಪ್ರಾಯ. ಇದು ಉಪಶಮನವೇ ಹೊರತು ಸಂಜೀವಿನಿಯಲ್ಲ.

ಆದರೂ ಇದಕ್ಕೆ ಬೆಲೆಯಿದೆ. ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ದಿನವೂ ನುಂಗಿ, ನೀರು ಕುಡಿಯದೆ ಬಿಸಿಲಲ್ಲಿ ದುಡಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಅಂಥ ಗುಳಿಗೆಗಳ ಸಂಖ್ಯೆ ಕಡಿಮೆಯಾದರೂ ಲಾಭವೇ.

ಎಚ್ಚರಿಕೆ

ಗಾಯ, ಜ್ವರ, ಮುರಿದ ಎಲುಬು, ಗಡ್ಡೆ, ಉಬ್ಬಿದ ರಕ್ತನಾಳ ಇದ್ದಲ್ಲಿ ಒತ್ತಬಾರದು. ಒಂದೇ ಕಾಲು ಬಾತು ಬಿಸಿಯಾಗಿದ್ದರೆ ಮುಟ್ಟದೆ ವೈದ್ಯರಿಗೆ ತೋರಿಸಿರಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಮತ್ತು ಬಸುರಿಯರು ಮೊದಲು ವೈದ್ಯರನ್ನು ಕೇಳಬೇಕು. ಕಾಲು ಜೋಮು ಹಿಡಿದು ಬಲಗುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಇಲ್ಲವೆ ನೋವು ಎದೆಯಿಂದ ತೋಳಿಗೆ ಹರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಭೌತಚಿಕಿತ್ಸೆಯ ಸಲಹೆಗೆ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಭೌತಚಿಕಿತ್ಸಾ ಕಾಲೇಜು ಇದೆ.

ಹೊಲದಲ್ಲಿ ಆಗಬೇಕಾದದ್ದು

ಕೆಲಸದ ಕ್ರಮ ಬದಲಾಗದಿದ್ದರೆ ರಾತ್ರಿ ಬಿಡಿಸಿದ ಬಿಗಿ ಮರುದಿನ ಸಂಜೆಗೆ ಮರಳಿ ಕಟ್ಟುತ್ತದೆ. ಕೊಯ್ತಾವನ್ನು ದಿನವೂ ಹರಿತಗೊಳಿಸಿರಿ. ಕಡಿಯುವುದು, ರವದಿ ಸುಲಿಯುವುದು, ಹೊರೆ ಕಟ್ಟುವುದು, ಇವನ್ನು ಸರದಿಯಂತೆ ಬದಲಿಸಿರಿ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಟೊಂಕವನ್ನು ಹಿಂದಕ್ಕೆ ಬಾಗಿಸಿರಿ. ಹೊರೆಯನ್ನು ಚಿಕ್ಕದಾಗಿ ಕಟ್ಟಿರಿ. ಕಳೆಗೆ ಉದ್ದ ಹಿಡಿಕೆಯ ಸಾಧನ ಅಥವಾ ಸೈಕಲ್ ಎಡೆಕುಂಟೆ ಬಳಸಿರಿ. ಈ ಸಾಧನಗಳ ಬಗೆಗೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ರೈತ ಬಾಂಧವರೇ, ಕಟಾವಿನ ಖರ್ಚು ಬರೆಯುವಾಗ ಕೂಲಿ, ಬಾಡಿಗೆಗಳನ್ನು ಬರೆಯುತ್ತೀರಿ. ಕಡಿಯುವವರ ಟೊಂಕದ ಸವೆತವನ್ನೂ ಆ ಲೆಕ್ಕದಲ್ಲಿ ಹಿಡಿಯಿರಿ. ನಿಮ್ಮ ಹೊಲಕ್ಕೆ ಬಂದ ಗ್ಯಾಂಗಿನವರಿಗೆ ನೆರಳು, ಕುಡಿಯುವ ನೀರು ಮತ್ತು ನಡುನಡುವೆ ವಿರಾಮ ಒದಗಿಸಿರಿ.