ಲಾರಿಯಲ್ಲಿ ಸ್ಟೀರಿಯೋ: ತಂತಿ ಜೋಡಿಸುವ ಬಗೆ

ನಮ್ಮ ವಾಚನಾಲಯಕ್ಕೆ ಭಾನುವಾರ ಬರುವ ಮಿತ್ರರಲ್ಲಿ ಕಳಂಬೋಲಿ, ವಾಶಿಗಳ ಲಾರಿ ನಿಲ್ದಾಣಗಳಿಂದ ಬರುವವರೂ ಕೆಲವರುಂಟು. ತಿಂಗಳಲ್ಲಿ ಇಪ್ಪತ್ತು ದಿನ ಅವರಿಗೆ ಕ್ಯಾಬಿನ್ನೇ ಮನೆ. ರಾತ್ರಿ ಖಂಬಾಟ್ಕಿ ಘಾಟನ್ನು ಹತ್ತುವಾಗ ಊರ ಕಡೆಯ ಹಾಡೊಂದು ಜೊತೆಗಿರಲೆಂದು ಆಸೆಪಡುವುದು ಸಹಜವೇ. (ನಿದ್ದೆಗೆ ಹಾಡು ಮದ್ದಲ್ಲ, ಆ ಮಾತು ಬೇರೆ.) ೨೦೧೯ರ ಮಳೆಗಾಲದಲ್ಲಿ ವಿಜಯಪುರದ ಕಡೆಯ ನನ್ನ ಪರಿಚಿತರೊಬ್ಬರು ಹೊಸ ಸೆಟ್ಟೊಂದನ್ನು ಕೊಂಡು, ದಾರಿಬದಿಯ ಮೇಸ್ತ್ರಿಯೊಬ್ಬನಿಂದ ನೇರವಾಗಿ ಬ್ಯಾಟರಿಗೆ ಜೋಡಿಸಿಕೊಂಡರು. ಗುಂಡಿ ಒತ್ತಿದೊಡನೆ ದೀಪ ಮಿನುಗಿತು, ಒಳಗಿನಿಂದ ಸುಟ್ಟ ವಾಸನೆ ಬಂತು, ಅಷ್ಟೆ. ತಂತಿಯನ್ನು ಕೂಡಲೇ ಕಿತ್ತೆಸೆದದ್ದರಿಂದ ಸೆಟ್ಟು ಮಾತ್ರ ಹೋಯಿತು. ಪಕ್ಕದಲ್ಲೇ ಅವರು ಮಲಗುವ ಹಾಸಿಗೆಯಿತ್ತು.

ಕಾರಣವು ಸರಳವಾದುದು. ಕಾರಿಗೆಂದು ಮಾಡಿದ ಸೆಟ್ಟುಗಳು ೧೨ ವೋಲ್ಟಿನವು. ಭಾರದ ಲಾರಿಗಳಲ್ಲಿಯಾದರೋ ೧೨ ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಕಟ್ಟಿ ೨೪ ವೋಲ್ಟು ಮಾಡಿರುತ್ತಾರೆ. ಎಂಜಿನ್ನು ಓಡುತ್ತಿರುವಾಗ ಅದು ಸುಮಾರು ೨೮ಕ್ಕೆ ಏರುತ್ತದೆ. ಸಣ್ಣ ಸಾಮಾನುಗಾಡಿಗಳು ಸಾಮಾನ್ಯವಾಗಿ ೧೨ ವೋಲ್ಟಿನವೇ ಆದ್ದರಿಂದ ಅವುಗಳಿಗೆ ಈ ತೊಡಕಿಲ್ಲ. ಹೀಗಿರುವುದರಿಂದ ಮೊದಲು ಮೀಟರು ಹಿಡಿದು ನೋಡಿಯೇ ಕೆಲಸಕ್ಕೆ ಕೈ ಹಚ್ಚತಕ್ಕದ್ದು.

ಇದನ್ನು ಬಲ್ಲ ಕೆಲವು ಜಾಣರು ಇನ್ನೊಂದು ಉಪಾಯ ಹೂಡುತ್ತಾರೆ. ಎರಡು ಬ್ಯಾಟರಿಗಳ ನಡುವಿನ ಕೊಂಡಿಯಿಂದ ತಂತಿ ಎಳೆದರೆ ೧೨ ವೋಲ್ಟು ಪುಕ್ಕಟೆಯಾಗಿ ಸಿಕ್ಕಿತಲ್ಲ ಎನ್ನುತ್ತಾರೆ. ಸಿಗುವುದೇನೋ ನಿಜ, ಸೆಟ್ಟೂ ಚೆನ್ನಾಗಿಯೇ ಹಾಡುತ್ತದೆ. ಆದರೆ ಹಾಡಿನ ಖರ್ಚೆಲ್ಲ ಒಂದೇ ಬ್ಯಾಟರಿಯ ಮೇಲೆ ಬೀಳುತ್ತದೆ. ಚಾರ್ಜು ತುಂಬುವ ಆಲ್ಟರ್ನೇಟರಿಗೆ ಎರಡರ ಒಟ್ಟು ಲೆಕ್ಕ ಮಾತ್ರ ಕಾಣುವುದೇ ಹೊರತು, ಯಾವುದು ಹಸಿದಿದೆ, ಯಾವುದು ಉಂಡಿದೆ ಎಂಬುದು ತಿಳಿಯದು. ಒಂದು ಎತ್ತಿನಿಂದಲೇ ದುಡಿಸಿ ಎರಡಕ್ಕೂ ಸಮನಾಗಿ ಮೇವು ಹಾಕಿದಂತೆ! ದುಡಿದ ಬ್ಯಾಟರಿ ಎಂದೂ ಪೂರ್ತಿ ತುಂಬದೆ ಒಣಗುತ್ತದೆ. ದುಡಿಯದ್ದು ಅಳತೆ ಮೀರಿ ತುಂಬಿ ಕುದಿದು ನೀರು ಕಳೆದುಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಎರಡೂ ಕೆಡುತ್ತವೆ. ಮುಂಜಾನೆ ಸಾಮಾನು ಇಳಿಸಬೇಕಾದ ಹೊತ್ತಿಗೆ ಲಾರಿ ಎದ್ದೇಳದು; ಆಗ ಮಾಲೀಕರು ಬ್ಯಾಟರಿಯ ಬೆಲೆಯನ್ನು ಯಾರ ಸಂಬಳದಲ್ಲಿ ಹಿಡಿಯುವರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಸರಿಯಾದ ದಾರಿಯೆಂದರೆ ೨೪ನ್ನು ೧೨ಕ್ಕೆ ಇಳಿಸುವ ಕನ್ವರ್ಟರ್ ಪೆಟ್ಟಿಗೆ. ಎಷ್ಟು ದೊಡ್ಡದು ಬೇಕು? ಸೆಟ್ಟಿನ ಡಬ್ಬಿಯ ಮೇಲೆ ೫೦ ವ್ಯಾಟಿನ ನಾಲ್ಕು ಎಂದು ಬರೆದಿದ್ದರೆ ಬೆದರಬೇಡಿ, ಹಿಗ್ಗಲೂ ಬೇಡಿ. ಅದು ಅಂಗಡಿಯ ಲೆಕ್ಕ. ಸಾಧಾರಣ ಸೆಟ್ಟು ಒಂದೊಂದು ಸ್ಪೀಕರಿಗೆ ನಿಜವಾಗಿ ಕೊಡುವುದು ೨೦ ವ್ಯಾಟಿನ ಆಸುಪಾಸು. ೧೦ ಆಂಪಿಯರಿನ ಕನ್ವರ್ಟರು ಸಾಕು. ಅದು ಬಿಸಿಯಾಗುವ ವಸ್ತುವಾದ್ದರಿಂದ ಹಾಸಿಗೆಯ ಕೆಳಗೆ ತುರುಕದೆ ಗಾಳಿಯಾಡುವ ಕಡೆ ತಗಡಿಗೆ ಬಿಗಿಯಬೇಕು.

ಈಗ ತಂತಿ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಕೊಂಡಿಯನ್ನು ಬಿಚ್ಚಿಡಿ. ಬ್ಯಾಟರಿಯಿಂದ ಹೊರಡುವ ತಂತಿಗೆ, ಹೊರಟ ಗೇಣುದ್ದದೊಳಗೇ, ೧೦ ಆಂಪಿಯರಿನ ಫ್ಯೂಸು ಹಾಕಬೇಕು. ಫ್ಯೂಸಿರುವುದು ಸೆಟ್ಟನ್ನು ಕಾಯಲಿಕ್ಕೆಂದು ಹಲವರ ಭಾವನೆ; ಅದು ಕಾಯುವುದು ತಂತಿಯನ್ನು, ತಂತಿಯ ಮೂಲಕ ಲಾರಿಯನ್ನು. ಸುಟ್ಟ ಫ್ಯೂಸಿಗೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತುವವರನ್ನು ನೋಡಿದ್ದೇನೆ. ಆಮೇಲೆ ತಂತಿಯೇ ಫ್ಯೂಸಾಗಿ ಉರಿಯುತ್ತದೆ. ಎಂಜಿನ್ನು ಕಾಣಲು ಮುಂದಕ್ಕೆ ವಾಲುವ ಕ್ಯಾಬಿನ್ನಾದರೆ, ಕಂಪನಿಯ ತಂತಿಗಂತೆ ಹೋದ ದಾರಿಯಲ್ಲೇ ನಮ್ಮದನ್ನೂ ಒಯ್ದು, ಕೀಲಿನ ಬಳಿ ಒಂದಿಷ್ಟು ಸಡಿಲು ಬಿಡಿ. ಇಲ್ಲವಾದರೆ ಕ್ಯಾಬಿನ್ನು ಎತ್ತಿದ ದಿನ ತಂತಿ ಹರಿಯುವುದು ಖಂಡಿತ. ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರ್ ಬಳೆ ಮರೆಯಕೂಡದು.

ಸೆಟ್ಟಿನ ಹಿಂದಿನ ಬಣ್ಣಗಳು ಹೆಚ್ಚಾಗಿ ಹೀಗಿರುತ್ತವೆ: ಕರಿಯದು ನೆಗೆಟಿವ್, ಹಳದಿ ಸದಾ ಇರುವ ವಿದ್ಯುತ್ತು, ಕೆಂಪು ಕೀಲಿ ತಿರುಗಿಸಿದಾಗ ಬರುವುದು. ಲಾರಿಯಲ್ಲಿ ಹಳದಿ ಕೆಂಪು ಎರಡನ್ನೂ ಸೇರಿಸಿ, ಕೀಲಿಯಿಂದ ನಡೆಯುವ ರಿಲೇಯ ಮುಖಾಂತರ ಕನ್ವರ್ಟರಿಗೆ ವಿದ್ಯುತ್ತು ಕೊಡುವುದು ಮೇಲೆಂದು ನನ್ನ ಮತ. ಕೀಲಿ ತೆಗೆದಾಗ ಸೆಟ್ಟು ತನ್ನ ಸ್ಟೇಷನ್ನುಗಳನ್ನು ಮರೆತೀತು. ಆದರೆ ಮೂರು ದಿನ ನಿಂತ ಲಾರಿಯ ಬ್ಯಾಟರಿಯನ್ನು ಹೀರದು. ರಿಲೇಯೂ ೨೪ ವೋಲ್ಟಿನದೇ ಇರಲಿ.

ಸ್ಪೀಕರುಗಳಿಗೆ ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಅದೇ ಬಣ್ಣದ ಮೇಲೆ ಕರಿಯ ಗೆರೆಯಿದ್ದರೆ ಅದು ನೆಗೆಟಿವ್. ಈ ನೆಗೆಟಿವನ್ನು ಬಾಡಿಯ ತಗಡಿಗೆ ತಗಲಿಸಲೇಕೂಡದು. ಹಳೆಯ ಕಾಲದ ಕೆಲವು ಸೆಟ್ಟುಗಳಲ್ಲಿ ಹಾಗೆ ನಡೆಯುತ್ತಿತ್ತು. ಈಗಿನವುಗಳಲ್ಲಿ ಎರಡೂ ತಂತಿಗಳಲ್ಲಿ ವಿದ್ಯುತ್ತಿರುವುದರಿಂದ ತಗಡು ಮುಟ್ಟಿದರೆ ಆಂಪ್ಲಿಫಯರು ಸುಟ್ಟೀತು. ಹಾಗೆಯೇ ೪ ಓಮಿನ ಎರಡು ಸ್ಪೀಕರನ್ನು ಒಂದೇ ಜೋಡಿ ತಂತಿಗೆ ಅಕ್ಕಪಕ್ಕ ಕಟ್ಟಿದರೆ ೨ ಓಮಾಗಿ ಸೆಟ್ಟು ಕಾಯುತ್ತದೆ.

ಸ್ಪೀಕರಿನ ಪ್ಲಸ್ ಗುರುತು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಅರೆಕ್ಷಣ ಮುಟ್ಟಿಸಿ ನೋಡಿ. ಕಾಗದದ ತಟ್ಟೆ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಡೆಯೇ ಪ್ಲಸ್. ಒಂದು ಸ್ಪೀಕರು ತಿರುಗುಮುರುಗಾದರೂ ಏನೂ ಸುಡದು. ಆದರೆ ಒಂದು ಮುಂದೆ ದೂಡುವಾಗ ಇನ್ನೊಂದು ಹಿಂದೆ ಎಳೆದು, ತಬಲದ ಡಗ್ಗಾ ಎಲ್ಲಿ ಹೋಯಿತೋ ಎಂಬಂತೆ ಹಾಡು ಬಡಕಲಾಗುತ್ತದೆ.

ಕೀಲುಗಳನ್ನು ಹೊಸೆದು ಟೇಪು ಸುತ್ತಿದರೆ ಲಾರಿಯ ಅದುರಾಟಕ್ಕೆ ಸಡಿಲಾಗುತ್ತವೆ. ಬೆಸುಗೆ ಹಾಕಿಸಿ, ಇಲ್ಲವೇ ಕ್ರಿಂಪ್ ಮಾಡಿಸಿ. ಕೊನೆಗೆ ಸೆಟ್ಟಿಗೆ ಕೊಡುವ ಮುನ್ನ ಕನ್ವರ್ಟರಿನ ಬಾಯಲ್ಲಿ ಮೀಟರು ಹಿಡಿಯಿರಿ. ೧೨ರಿಂದ ೧೪ರೊಳಗಿದ್ದರೆ ಮಾತ್ರ ಜೋಡಿಸಿ. ಅರ್ಧ ಗಂಟೆ ಹಾಡಿಸಿ ಫ್ಯೂಸಿನ ಮನೆಯನ್ನೂ ಪ್ರತಿ ಕೀಲನ್ನೂ ಕೈಯಿಂದ ಮುಟ್ಟಿ ನೋಡಿ. ಎಲ್ಲಿಯಾದರೂ ಬಿಸಿಯೆನಿಸಿದರೆ ಅಲ್ಲಿ ಕೀಲು ಸಡಿಲವಿದೆ. ಅದನ್ನು ಬಿಗಿಸಿದ ಮೇಲೆಯೇ ಮುಚ್ಚಳ ಹಾಕಿ.