ಸಾಕುಹಾವಿನ ಪೆಟ್ಟಿಗೆಯ ಹಾಸು

ಸಾಕುಹಾವನ್ನು ಇರಿಸುವ ಪೆಟ್ಟಿಗೆಯ ತಳದಲ್ಲಿ ಹರಡುವ ವಸ್ತುವನ್ನು ಹಾಸು ಎನ್ನುತ್ತಾರೆ. ಇದು ಮಲಮೂತ್ರವನ್ನು ಹೀರಿಕೊಳ್ಳುವುದಲ್ಲದೆ ಪೆಟ್ಟಿಗೆಯೊಳಗಿನ ತೇವಾಂಶವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದುದರಿಂದ ಹಾವಿನ ಮೂಲ ನೆಲೆಯನ್ನು ಅರಿತು ಹಾಸನ್ನು ಆರಿಸಬೇಕಾಗುತ್ತದೆ.

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್ ಎಂಬ ಹೆಬ್ಬಾವು ಹಗಲನ್ನು ಇಲಿ ಮುಂತಾದ ಪ್ರಾಣಿಗಳ ಬಿಲಗಳಲ್ಲಿ ಕಳೆಯುತ್ತದೆ. ಹೊರಗಿನ ಹುಲ್ಲುಗಾವಲು ಒಣಗಿದ್ದರೂ ಬಿಲದೊಳಗೆ ತೇವವಿರುತ್ತದೆ. ಸಾಕಿದಾಗಲೂ ಇದಕ್ಕೆ ಸುಮಾರು ಶೇ. 60ರಷ್ಟು ತೇವಾಂಶ ಬೇಕು. ಅದು ಕಡಿಮೆಯಾದರೆ ಪೊರೆಯು ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಕಣ್ಣಿನ ಮೇಲೆ ಪೊರೆ ಉಳಿದುಬಿಡುವುದೂ ಉಂಟು. ನೀರನ್ನು ಹಿಡಿದಿಡುವ ತೆಂಗಿನ ನಾರಿನ ಪುಡಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ನಮ್ಮಲ್ಲಿ ಹೂಕುಂಡಗಳಿಗೆ ತುಂಬುವ ಪುಡಿಯೇ ಇದು. ಆದರೆ ಗೊಬ್ಬರ ಬೆರೆತುದನ್ನು ಬಳಸಬಾರದು. ಮೇಲ್ಪದರ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಭಾಗದ ಚರ್ಮಕ್ಕೆ ಸೋಂಕು ತಗಲುತ್ತದೆ.

ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್‌ಗೆ ಆಸ್ಪೆನ್ ಮರದ ತೆಳುಚಕ್ಕೆಗಳು ಸಾಕು. ಅದರಲ್ಲಿ ಹಾವು ಕೊರೆದ ಸುರಂಗ ಸುಲಭವಾಗಿ ಕುಸಿಯುವುದಿಲ್ಲ. ನೆನೆದರೆ ಮಾತ್ರ ಬೂಷ್ಟು ಹಿಡಿಯುತ್ತದೆ.

ಸೀಡರ್ ಮರದ ಚಕ್ಕೆಗಳನ್ನು ಯಾವ ಹಾವಿಗೂ ಹಾಸಬಾರದು. ನಮಗೆ ಹಿತವೆನಿಸುವ ಅದರ ಸುಗಂಧತೈಲವು ಮುಚ್ಚಿದ ಪೆಟ್ಟಿಗೆಯಲ್ಲಿ ಹಾವಿನ ಶ್ವಾಸಾಂಗಗಳಿಗೆ ಹಾನಿಕರ. ಹೊಸದಾಗಿ ತಂದ ಅಥವಾ ರೋಗಪೀಡಿತ ಹಾವಿಗೆ ಬರಿಯ ಕಾಗದವೇ ಲೇಸು. ನೋಟಕ್ಕೆ ಅದು ಬಡವಾದರೂ ನುಸಿ, ರಕ್ತ, ಭೇದಿ ಇವೆಲ್ಲ ಅದರ ಮೇಲೆ ಬೇಗನೆ ಕಣ್ಣಿಗೆ ಬೀಳುತ್ತವೆ.

ಭಾರತದಲ್ಲಿ ನಾಗರ, ಕೇರೆ, ಹೆಬ್ಬಾವು ಮೊದಲಾದ ದೇಶೀಯ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯನ್ವಯ ಅಪರಾಧವಾಗಿದೆ.